ಪೀಕಿಂಗ್ ಬ್ಲಾಕು

ಹಾನುಬಾಳಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅದರ ಒಂದೊಂದು ಬ್ಲಾಕಿಗೂ ಒಂದೊಂದು ಹೆಸರು. ಕೆರೆ ಬ್ಲಾಕು, ಬಸರಿಮರದ ಬ್ಲಾಕು, ಹೀಗೆ. ಹಳ್ಳದಾಚೆ ಕಾಡಿಗೆ ಅಂಟಿಕೊಂಡಿದ್ದ ಕೊನೆಯದಕ್ಕೆ ಮಾತ್ರ ಪೀಕಿಂಗ್ ಅಂತ ಹೆಸರು. ಅಲ್ಲಿಗೆ ಹೋಗಿಬರುವುದಕ್ಕಿಂತ ಚೀನಾದ ಪೀಕಿಂಗಿಗೆ ಹೋಗಿಬರುವುದೇ ವಾಸಿ ಎಂದು ತಾತ ಯಾವಾಗಲೋ ಗೊಣಗಿದ್ದರಂತೆ. ಅದೇ ಆಳುಗಳ ಬಾಯಲ್ಲಿ ನಿಂತಿತು. ಚೀನಾ ಎಲ್ಲಿದೆಯೆಂದು ತಿಳಿಯದವರೂ ಪೀಕಿಂಗಿಗೆ ಹೋಗಿ ಕಳೆ ಕಿತ್ತು ಬರುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ದೊಡ್ಡಪ್ಪ ತೋಟದ ಯಜಮಾನಿಕೆ ವಹಿಸಿಕೊಂಡರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಒಂದು ದಿನ ಪೇಪರ್ ಮಡಿಚಿಟ್ಟು, ‘ಪ್ರಪಂಚ ಎಲ್ಲ ಬೀಜಿಂಗ್ ಅಂತೈತೆ, ನಾವಿನ್ನೂ ಪೀಕಿಂಗ್ ಅಂತ ಕುಂತಿದ್ದೀವಿ’ ಎಂದರು. ಅವರಿಗೆ ಎದುರು ಹೇಳುವ ಧೈರ್ಯ ಯಾರಿಗಿತ್ತು? ಅವತ್ತಿನಿಂದ ಹಳೇ ಹೆಸರು ಹೇಳಿದವರಿಗೆಲ್ಲ ಬೈಗುಳ. ಬೈಸಿಕೊಂಡು ಬೈಸಿಕೊಂಡು ಎಲ್ಲರೂ ಹೊಸ ಹೆಸರು ಕಲಿತರು.

ಕಲಿಯದೆ ಉಳಿದವಳು ಒಬ್ಬಳೇ. ನನ್ನನ್ನು ಎತ್ತಿ ಆಡಿಸಿದ, ಆಳುಗಳ ಲೈನುಮನೆಗಳ ಸಾಲಿನ ಮೊದಲ ಮನೆಯ ಮುದುಕಿ. ಅವಳನ್ನು ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ. ಆಗ ಅವಳು ಮಗಳ ಬಾಣಂತನಕ್ಕೆಂದು ಕುಂದೂರಿಗೆ ಹೋಗಿದ್ದಳು.

ಅವಳು ಊರಿಗೆ ವಾಪಸು ಬಂದ ಮಾರನೆಯ ಬೆಳಿಗ್ಗೆಯೇ ತೋಟಕ್ಕೆ ಒಂಟಿ ಸಲಗ ಇಳಿದ ಸುದ್ದಿ ಬಂತು. ದೊಡ್ಡಪ್ಪ ಲೈನಿನ ಮುಂದೆ ನಿಂತು, ‘ಬೀಜಿಂಗ್ ಕಡೀಕೆ ಯಾರೂ ತಲೆ ಹಾಕ್ಬ್ಯಾಡಿ, ಆನೆ ಐತೆ’ ಎಂದು ಸಾರಿದರು. ಎಲ್ಲರ ಜೊತೆ ಅಜ್ಜಿಯೂ ತಲೆಯಾಡಿಸಿದ್ದನ್ನು ನಾನೇ ಕಂಡೆ.

ಕಾಫಿ ಕುಡಿಯುವ ಹೊತ್ತಿಗೆ ಅವಳು ಇರಲಿಲ್ಲ. ‘ಕತ್ತಿ ಹಗ್ಗ ಹಿಡ್ಕಂಡು ಸೌದೆಗೆ ಹೊಂಟಿತ್ತಲ್ಲ’ ಎಂದಳು ಪಕ್ಕದ ಮನೆಯವಳು. ನೆರಳಿನ ಮರಗಳ ಕೊಂಬೆ ಕಡಿದು ಸೌದೆ ಬಿದ್ದಿದ್ದದ್ದು ಹಳ್ಳದಾಚೆ ಮಾತ್ರ. ಅಷ್ಟರಲ್ಲಿ ಆ ಕಡೆಯಿಂದಲೇ ಆನೆ ಘೀಳಿಟ್ಟಿತು. ಗಂಡಸರು ಪಟಾಕಿ, ತಗಡಿನ ಡಬ್ಬ ಹಿಡಿದು ಓಡಿದರು. ದೊಡ್ಡಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ನಾನು ಅಳುವುದಕ್ಕೂ ಆಗದೆ ಕಣದಲ್ಲೇ ನಿಂತಿದ್ದೆ.

ಕೊನೆಗೆ ಅವಳನ್ನು ಇಬ್ಬರು ತೋಳು ಹಿಡಿದು ಕರೆತಂದರು. ಕಾಫಿ ಗಿಡಗಳ ನಡುವೆ ನೀರು ಇಂಗಲು ತೋಡಿದ್ದ ಗುಂಡಿಯಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದಳಂತೆ. ಆನೆ ಅವಳ ಸೌದೆ ಹೊರೆಯನ್ನು ತುಳಿದು ಪುಡಿ ಮಾಡಿ ಪಕ್ಕದಲ್ಲೇ ಹಾದುಹೋಗಿತ್ತು. ಸೀರೆಯೆಲ್ಲ ಕೆಸರು.

‘ಹೋಗ್ಬ್ಯಾಡಿ ಅಂತ ಬಡ್ಕಂಡೆನಲ್ಲಜ್ಜಿ’ ಎಂದರು ದೊಡ್ಡಪ್ಪ. ಅಷ್ಟು ಜೋರಿನ ಮನುಷ್ಯ ಹಾಗೆ ಬೆವೆತು ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ತಪ್ಪು ಮಾಡಿದವಳ ಹಾಗೆ ಅಜ್ಜಿ ಕೈಮುಗಿದಳು.

‘ನೀವು ಬ್ಯಾಡ ಅಂದ ಕಡೀಕೆ ನಾನು ಹೋಗ್ನಿಲ್ಲ ಗೌಡ್ರೇ. ಇಲ್ಲೇ, ನಮ್ ಪೀಕಿಂಗಿಗೆ ಹೋಗಿದ್ದೆ.’