ಅಧ್ಯಕ್ಷರಿಗೆ ಬೇಕಾಗಿದ್ದ ಬಡತನ

ನಮ್ಮ ಕಡೆಯ ನಗರಸಭೆಗಳಿಗೆ ಮೇಯರ್ ಇರುವುದಿಲ್ಲ, ಅಧ್ಯಕ್ಷರಿರುತ್ತಾರೆ. ಮೇಯರ್ ನೋಡಬೇಕೆಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕು. ಆದರೆ ನಮ್ಮ ಅಧ್ಯಕ್ಷರನ್ನು ಅವರ ಕಾರಿನ ಡ್ರೈವರ್ ಒಮ್ಮೆ ಬಾಯಿತಪ್ಪಿ ‘ಮೇಯರ್ ಸಾಹೇಬ್ರ’ ಅಂದುಬಿಟ್ಟ. ಅವರು ತಿದ್ದಲಿಲ್ಲ. ತಿದ್ದದೆ ಇರುವುದೂ ಒಂದು ಅಪ್ಪಣೆ ಎಂದು ತಿಳಿಯುವಷ್ಟು ಬುದ್ಧಿ ಊರಿನವರಿಗಿತ್ತು. ಸ್ವಲ್ಪ ದಿನದಲ್ಲಿ ಬ್ಯಾನರುಗಳ ಮೇಲೂ ಹಾಗೇ ಬರತೊಡಗಿತು. ಅದು ಯಾವ ಊರು ಎಂದು ಕೇಳಬೇಡಿ. ಹಾವೇರಿಯವರು ರಾಣೆಬೆನ್ನೂರು ಎಂದುಕೊಳ್ಳಲಿ, ರಾಣೆಬೆನ್ನೂರಿನವರು ಹಾವೇರಿ ಎಂದುಕೊಳ್ಳಲಿ. ಇಬ್ಬರಿಗೂ ಸಮಾಧಾನ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನೌಕರಿ ಮುಗಿದರೂ ದನಿ ಉಳಿದಿತ್ತು, ಹಾಗಾಗಿ ಸಭೆ ಸಮಾರಂಭಗಳ ನಿರೂಪಣೆಗೆ ನನ್ನನ್ನು ಕರೆಯುತ್ತಾರೆ. ಅತಿಥಿಗಳ ಹೆಸರಿನ ಹಿಂದೆ ವಿಶೇಷಣಗಳನ್ನು ಜೋಡಿಸುವುದು, ದೀಪ ಹತ್ತದಿದ್ದಾಗ ಫ್ಯಾನ್ ಆರಿಸಲು ಹೇಳುವುದು, ಬಾರದ ಶಾಸಕರು ಇನ್ನೇನು ಬಂದೇ ಬಿಟ್ಟರು ಎಂದು ನಂಬಿಸುವುದು ನನ್ನ ಕೆಲಸ. ಹೀಗಾಗಿ ನಮ್ಮ ಅಧ್ಯಕ್ಷರ ಜನಸೇವೆಗಳಿಗೆಲ್ಲ ನಾನು ಕಣ್ಣಾರೆ ಸಾಕ್ಷಿ. ಸ್ವಚ್ಛತಾ ಅಭಿಯಾನದ ದಿನ ರಸ್ತೆ ಮೊದಲೇ ಸ್ವಚ್ಛವಾಗಿತ್ತು. ಪೌರಕಾರ್ಮಿಕರು ಬೆಳಗಿನಲ್ಲೇ ಗುಡಿಸಿ ಹೋಗಿದ್ದರು. ಪಾಪ, ಅಧ್ಯಕ್ಷರಿಗೆ ಗುಡಿಸಲು ಏನಾದರೂ ಬೇಕಲ್ಲ? ಪಾರ್ಕಿನಿಂದ ಒಂದು ಬುಟ್ಟಿ ಒಣ ಎಲೆ ತರಿಸಿ ಹರಡಿದರು. ‘ಮನೆ ಬಾಗಿಲಿಗೆ ಅಧ್ಯಕ್ಷರು’ ಎಂಬ ಕಾರ್ಯಕ್ರಮವೂ ಆಯಿತು. ಅವರ ಕಾರು ಹೋಗುವಷ್ಟು ಅಗಲವಾದ ರಸ್ತೆಯಲ್ಲಿ ಬಾಗಿಲು ಇದ್ದವರಿಗೆಲ್ಲ ಅದರ ಲಾಭ ಸಿಕ್ಕಿತು.

ನಿಜ ಹೇಳಬೇಕೆಂದರೆ ಅವನು ಕೆಟ್ಟವನಲ್ಲ. ‘ಅವನು’ ಅನ್ನಲು ನನಗೆ ಹಕ್ಕಿದೆ. ಇಬ್ಬರೂ ಬ್ಯಾಡಗಿಯವರು, ಒಂದೇ ಓಣಿಯವರು. ಅವನದು ಓಣಿಯ ಬಾಯಲ್ಲಿದ್ದ ಎರಡಂತಸ್ತಿನ ಮನೆ, ನಮ್ಮದು ಓಣಿ ಮುಗಿದು ಗಟಾರು ಶುರುವಾಗುವಲ್ಲಿ ಒಂದು ಖೋಲಿ. ಅವನ ತಂದೆಯದು ಅಡತಿ ಅಂಗಡಿ. ರೈತರು ತಂದ ಮೆಣಸಿನಕಾಯಿಯನ್ನು ಮಾರಿಸಿ ಕಮಿಷನ್ ಹಿಡಿಯುವ ವ್ಯಾಪಾರ. ಅವರ ಹಿತ್ತಲಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತು ತುಂಬು ಬಿಡಿಸುತ್ತಿದ್ದರು, ಅಂದರೆ ಒಂದೊಂದೇ ಕಾಯಿಯ ತೊಟ್ಟು ಕೀಳುತ್ತಿದ್ದರು. ಆ ಸಾಲಿನಲ್ಲಿ ನಮ್ಮವ್ವನೂ ಒಬ್ಬಳು. ಸಾಲೆ ಬಿಟ್ಟ ಮೇಲೆ ಅವಳ ಪಕ್ಕದಲ್ಲಿ ನಾನು.

ಅವನು ನನಗಿಂತ ಮೂರ್ನಾಲ್ಕು ವರ್ಷ ಸಣ್ಣವನು. ಅಟ್ಟದ ಮೇಲಿನ ಕಿಟಕಿಯಿಂದ ನಮ್ಮನ್ನು ನೋಡುತ್ತಿದ್ದ. ಕೆಳಗೆ ಬಂದರೆ ಘಾಟಿಗೆ ಸೀನು ಬರುತ್ತಿತ್ತಂತೆ.

ಅಧ್ಯಕ್ಷನಾಗಿ ಒಂದು ವರ್ಷವಾದದ್ದಕ್ಕೆ ಅವನಿಗೊಂದು ನಾಗರಿಕ ಸನ್ಮಾನ ಗೊತ್ತಾಯಿತು. ಯಾವ ನಾಗರಿಕರು ಕೇಳಿದ್ದರೋ ತಿಳಿಯದು. ಅವನೇ ನಮ್ಮ ಮನೆಗೆ ಬಂದ. ಚಹಾ ಕುಡಿದ, ಅವಲಕ್ಕಿ ತಿಂದ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

“ಅಕ್ಕಾ, ನನ್ನ ಪರಿಚಯ ನೀವ ಓದಬೇಕ್ರಿ. ಸಣ್ಣಂದಿನಿಂದ ನೋಡೀರಿ.”

“ಓದೋಣ ತಗೋ. ಏನ್ ಹೇಳಬೇಕು?”

“ಎಲ್ಲಾ ಹೇಳ್ರಿ. ಆದ್ರ...” ಬಾಗಿಲ ಕಡೆ ಒಮ್ಮೆ ನೋಡಿದ. “ಅದರಾಗ ಒಂಚೂರು ಬಡತನ ಹಾಕ್ರಿ.”

ಸಾರಿಗೆ ಉಪ್ಪು ಹಾಕಿರಿ ಅಂದಂತೆ ಅಂದ. ನನಗೆ ನಗು ತಡೆಯಲಾಗಲಿಲ್ಲ.

“ನಿನಗೆಲ್ಲೀ ಬಡತನೋ ತಮ್ಮಾ? ಓಣಿಗೆಲ್ಲ ಮೊದಲ ಟಿವಿ ಬಂದದ್ದ ನಿಮ್ಮ ಮನಿಗೆ.”

“ಅದ ತೊಂದ್ರಿ ಆಗೇತ್ರಿ. ಈಗ ಯಾರ ಭಾಷಣ ಕೇಳಿದ್ರೂ ಹಸಕೊಂಡು ಬೆಳದವ್ರ. ನಾ ಉಂಡು ಬೆಳದೇನಿ ಅಂದ್ರ ಯಾರು ಚಪ್ಪಾಳಿ ಹೊಡೀತಾರ್ರಿ?” ಆಮೇಲೆ ದನಿ ತಗ್ಗಿಸಿದ. “ನಿಮ್ಮ ಮನ್ಯಾಗಿಂದು ಒಂದಿಷ್ಟು ನೆನಪಿರಬೇಕಲ್ರಿ, ಅದನ್ನ ನನಗ ಹಾಕಿಬಿಡ್ರಿ. ಹೆಂಗೂ ಒಂದ ಓಣಿ.”

ಇದುವರೆಗೆ ನಮ್ಮ ಮನೆಗೆ ಬಂದು ಯಾರೂ ಬಡತನವನ್ನು ಕಡ ಕೇಳಿರಲಿಲ್ಲ. ಅಷ್ಟು ಬೆಲೆಬಾಳುವ ವಸ್ತು ನಮ್ಮಲ್ಲಿದ್ದದ್ದು ನಮಗಾದರೂ ಎಲ್ಲಿ ಗೊತ್ತಿತ್ತು? ನಾನಂತೂ ಅದನ್ನು ಯಾರಿಗೂ ಕಾಣದಂತೆ ಇಷ್ಟು ವರ್ಷ ಇಸ್ತ್ರಿ ಮಾಡಿದ ಸೀರೆಯೊಳಗೆ ಮಡಚಿ ಇಟ್ಟುಕೊಂಡಿದ್ದೆ. ನಾನು ಒಲ್ಲೆ ಅಂದೆ. ಅವನಿಗೆ ಬೇಸರವಾಗಲಿಲ್ಲ. ನಿರೂಪಣೆಯಷ್ಟೇ ಮಾಡ್ರಿ, ಪರಿಚಯ ಬೇರೆಯವರು ಮಾಡುತ್ತಾರೆ ಅಂದು, ಇನ್ನೊಂದು ಮುಷ್ಟಿ ಅವಲಕ್ಕಿ ಬಾಯಿಗೆ ಹಾಕಿಕೊಂಡು ಹೋದ.

ಸನ್ಮಾನದ ದಿನ ಕಲ್ಯಾಣ ಮಂಟಪ ತುಂಬಿತ್ತು. ಮೋಟೆಬೆನ್ನೂರು, ಅಗಡಿಯಿಂದಲೂ ಜನ ಬಂದಿದ್ದರು, ಊಟದ ವ್ಯವಸ್ಥೆ ಚೆನ್ನಾಗಿದೆ ಎಂಬ ಸುದ್ದಿ ಅಲ್ಲಿಯವರೆಗೆ ಹೋಗಿತ್ತು. ಮೊದಲ ಸಾಲಿನ ಸೋಫಾದಲ್ಲಿ ಅವನ ತಾಯಿ ಕುಳಿತಿದ್ದರು. ಎಂಬತ್ತು ದಾಟಿದ ಜೀವ, ಇಳಕಲ್ ಸೀರೆ, ನೆಟ್ಟಗಿನ ಬೆನ್ನು. ಅವತ್ತೇ ಬ್ಯಾಡಗಿಯಿಂದ ಕಾರಿನಲ್ಲಿ ಕರೆತಂದಿದ್ದರು. ಮಗನ ದೊಡ್ಡಸ್ತಿಕೆ ನೋಡಲಿ ಎಂದು ಕರೆತಂದವರು, ಭಾಷಣದಲ್ಲಿ ಏನಿದೆ ಎಂದು ಹೇಳಿ ಕರೆತರಲು ಮರೆತಿದ್ದರು.

ಪರಿಚಯಕ್ಕೆ ನಿಂತವರು ಒಬ್ಬ ಗುತ್ತಿಗೆದಾರರು. ನಗರಸಭೆಯ ಗಟಾರುಗಳನ್ನು ಕಟ್ಟಿದವರೇ ಈಗ ಅಧ್ಯಕ್ಷರ ಬಾಲ್ಯವನ್ನೂ ಕಟ್ಟತೊಡಗಿದರು. ಗಟ್ಟಿ ಕೆಲಸ. ಅಧ್ಯಕ್ಷರ ತಾಯಿ ಮಂದಿಯ ಅಂಗಳದಲ್ಲಿ ಮೆಣಸಿನಕಾಯಿ ತುಂಬು ಬಿಡಿಸಿದರಂತೆ. ಉರಿಯುವ ಕೈಯಲ್ಲೇ ರೊಟ್ಟಿ ಬಡಿದರಂತೆ. ಮಗ ಸಾಲೆಗೆ ಹೋಗುವಾಗ ಅದೇ ಕೈಯಿಂದ ಮುಖ ಒರೆಸಲು ಹೋಗಿ, ಕಣ್ಣಿಗೆ ಖಾರ ತಾಗಿ, ತಾಯಿ ಮಗ ಇಬ್ಬರೂ ಅತ್ತರಂತೆ.

ನಾನು ವೇದಿಕೆಯ ಮೇಲೆ ಕಂಬದ ಪಕ್ಕದಲ್ಲಿ ನಿಂತಿದ್ದೆ. ಖಾರ ತಾಗಿದ್ದು ನನ್ನ ಕಣ್ಣಿಗೆ. ಯಾವತ್ತೋ ಓಣಿಯಲ್ಲಿ ಎಲ್ಲರೂ ಕೂಡಿ ನಕ್ಕಿದ್ದ ಸಂಗತಿ, ಅವನಿಗೆ ನೆನಪಿತ್ತು. ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಅವ್ವನಿಗಾಗಿ ಇಷ್ಟು ಜನ ಒಟ್ಟಿಗೆ ಅತ್ತದ್ದು ಅದೇ ಮೊದಲು, ಅದೂ ವಿಳಾಸ ತಪ್ಪಿ.

ಆಗ ಮೊದಲ ಸಾಲಿನಿಂದ ದನಿ ಬಂತು.

“ಏ, ನಿಂದ್ರಸ್ರಿ ಅದನ್ನ. ಯಾರ ಅಂಗಳದಾಗ ಕುಂತಿದ್ನಿ ನಾ?”

ಗುತ್ತಿಗೆದಾರರು ನಕ್ಕು ಮುಂದುವರಿಯಲು ನೋಡಿದರು. ಮುದುಕಿ ಎದ್ದು ನಿಂತಾಗಿತ್ತು. ಮೆಟ್ಟಿಲ ಬಳಿ ಕೈ ಹಿಡಿಯಲು ಬಂದವರನ್ನು ಸರಿಸಿ ವೇದಿಕೆ ಹತ್ತಿದರು. ನಿರೂಪಣೆಯ ಮೈಕ್ ನನ್ನ ಕೈಯಲ್ಲಿತ್ತು. ಅಧ್ಯಕ್ಷ ನನ್ನತ್ತ ನೋಡಿ ಬೇಡ ಎನ್ನುವಂತೆ ಕಣ್ಸನ್ನೆ ಮಾಡಿದ. ನಿವೃತ್ತಳಾದ ಮೇಲೆ ನನಗೆ ದೃಷ್ಟಿ ಸ್ವಲ್ಪ ಮಂದ. ಮೈಕ್ ಕೊಟ್ಟೆ.

“ನಮ್ಮ ಮನ್ಯಾಗ ದಿನಾ ಎರಡು ಪಂಕ್ತಿ ಊಟ ಆಗತಿತ್ತು,” ಅಂದರು. “ಇಂವಾ ಉಪವಾಸ ಇದ್ದದ್ದು ಖರೇ. ಯಾವಾಗ? ಬದನಿಕಾಯಿ ಪಲ್ಲೆ ಮಾಡಿದ ದಿನ. ತಾಟು ದೂಡಿ ಏಳತಿದ್ದ. ಅವರಪ್ಪ ಸೈಕಲ್ ಕೊಡಿಸಿದ್ರ ಬಣ್ಣ ಸರಿ ಇಲ್ಲಂತ ಅತ್ತಾನ. ಅಷ್ಟ ಇಂವನ ಕಷ್ಟ.”

ಮಂಟಪ ನಗುವಿನಿಂದ ಬಿದ್ದುಹೋಗುವುದೊಂದು ಬಾಕಿ. ಅಧ್ಯಕ್ಷನೂ ನಕ್ಕ, ಬೇರೆ ಏನು ಮಾಡಬೇಕಿತ್ತು? “ಯವ್ವಾ, ಸಾಕು ಬಾ” ಅಂದ. ಅವರು ಕೇಳಲಿಲ್ಲ. ತಿರುಗಿ ನನ್ನ ರಟ್ಟೆ ಹಿಡಿದರು.

“ಆ ಖಾರ ಬಿದ್ದದ್ದು ಈಕೀ ಕಣ್ಣಾಗ. ಇವರವ್ವನ ಕೈ ಉರಿ ನಾ ನೋಡೇನಿ. ಮಜ್ಜಿಗಿ ಕೊಡತಿದ್ನಿ ಹಚ್ಚಿಕೊಳ್ಳಾಕ. ಮಜ್ಜಿಗಿ ಕೊಟ್ಟು ಸುಮ್ನಾದ್ನಿ. ಕೂಲಿ ಎರಡು ಪೈಸೆ ಹೆಚ್ಚ ಕೊಡ್ರಿ ಅಂತ ನಮ್ಮ ಯಜಮಾನ್ರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಅಂಥಾಕೀ ನೋವು ತಂದು ನನ್ನ ಹೆಸರಿಗೆ ಹಚ್ಚತೀರಿ?”

ಈಗ ಯಾರೂ ನಗಲಿಲ್ಲ. ಇಷ್ಟು ವರ್ಷ ನಾನು ಮಡಚಿ ಇಟ್ಟದ್ದನ್ನು ಸಾವಿರ ಜನರ ಮುಂದೆ ಬಿಚ್ಚಿ ಹರವಿದ್ದರು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವರ ಕೈ ನನ್ನ ರಟ್ಟೆಯ ಮೇಲೆ ಬೆಚ್ಚಗಿತ್ತು. ಅವ್ವ ಇದ್ದಿದ್ದರೆ ಏನು ಅನ್ನುತ್ತಿದ್ದಳೋ ಎಂದು ಯೋಚಿಸುತ್ತ, ವಂದನಾರ್ಪಣೆ ಮಾಡುವವರ ಹೆಸರನ್ನೇ ತಪ್ಪು ಹೇಳಿದೆ.

ಇಲ್ಲಿಗೆ ಅವನ ರಾಜಕೀಯ ಮುಗಿಯಿತು ಎಂದು ನಾನು ಅಂದುಕೊಂಡೆ. ನಾನು ಕನ್ನಡ ಕಲಿಸಿದವಳು, ರಾಜಕೀಯ ಕಲಿತವಳಲ್ಲ. ಎರಡು ದಿನ ಬಿಟ್ಟು ಅವನು ಮತ್ತೆ ಬಂದ. ಮುಖದಲ್ಲಿ ಕಳೆ.

“ಅಕ್ಕಾ, ಅವ್ವನ ವಿಡಿಯೊ ಎಲ್ಲಾರ ಮೊಬೈಲ್‌ನ್ಯಾಗ ಓಡಾಕತ್ತೇತ್ರಿ! ಬೆಂಗಳೂರಿಂದ ಫೋನ್ ಬಂತು. ‘ಎಂಥಾ ಮನೆತನ ರೀ ನಿಮ್ದು’ ಅಂತಾರ.”

ಹೊಸ ಪರಿಚಯ ಆಗಲೇ ತಯಾರಾಗಿತ್ತು. ಈಗ ಅವನು ದಿನಕ್ಕೆರಡು ಪಂಕ್ತಿ ಅನ್ನ ಹಾಕಿದ ಮನೆತನದ ಕುಡಿ. ಬಡವರ ಕೈಗೆ ಮಜ್ಜಿಗೆ ಹಚ್ಚಿದ ಪರಂಪರೆಯವನು. ಇಷ್ಟೇ ಆದರೆ ಸೈ. ಆ ಅಂಗಳದಲ್ಲಿ ಬೆಳೆದು ಶಿಕ್ಷಕಿಯಾದ ಒಬ್ಬ ಹೆಣ್ಣುಮಗಳು ಅವರ ಮನೆತನದ ಸಮಾಜಸೇವೆಯ ಮೊದಲ ಫಲಾನುಭವಿಯಂತೆ. ಆಕೆ ಪ್ರತಿ ಸಭೆಯಲ್ಲೂ ವೇದಿಕೆ ಮೇಲೆ ಕೂರಬೇಕಂತೆ.

“ಆತು, ಕುಂದ್ರತೇನಿ,” ಅಂದೆ. “ಆದ್ರ ಫಲಾನುಭವಿ ಅಂದ ಮ್ಯಾಲ ನನಗ ಏನರ ಫಲ ಸಿಗಬೇಕಲ್ಲೋ? ಸಂತಿ ಮೈದಾನದಾಗ ಕಾಯಿಪಲ್ಲೆ ಮಾರೋ ಹೆಣಮಕ್ಕಳಿಗೆ ಒಂದು ಶೌಚಾಲಯ ಇಲ್ಲ. ಮುಂಜಾನಿಂದ ಸಂಜಿತನಕ ನೀರ ಕುಡಿಯಂಗಿಲ್ಲ ಅವರು. ಅದನ್ನ ಕಟ್ಟಿಸು, ಎಲ್ಲಿ ಕುಂದ್ರು ಅಂತಿ ಅಲ್ಲಿ ಕುಂದ್ರತೇನಿ.”

ಅವನು ಬೀದಿ ದೀಪ ಅಂದ, ಸೆಲ್ಫಿ ಪಾಯಿಂಟ್ ಅಂದ. ಶೌಚಾಲಯದ ಮುಂದೆ ಫೋಟೊ ಚೆನ್ನಾಗಿ ಬರುವುದಿಲ್ಲ ಎಂದೂ ಅಂದ. ನಾನು ಜಗ್ಗಲಿಲ್ಲ. ನಾನು ಜಗ್ಗದಿದ್ದರೆ ಅವನಿಗೇನೂ ಆಗುತ್ತಿರಲಿಲ್ಲ. ಬ್ಯಾಡಗಿಗೆ, ಅವನ ಅವ್ವನಿಗೆ, ಫೋನ್ ಹಚ್ಚುತ್ತೇನೆ ಅಂದಾಗ ಮಾತ್ರ ‘ಆತ್ರಿ’ ಎಂದು ಎದ್ದು ನಿಂತ.

ಕಟ್ಟಡ ಎದ್ದಿತು. ಅದೇ ಗುತ್ತಿಗೆದಾರರು ಕಟ್ಟಿದರು. ನಡುವೆ ಎರಡು ಸಲ ಕೆಲಸ ನಿಂತಿತು. ಎರಡು ಸಲವೂ ಮುದುಕಿ ಫೋನಿನಲ್ಲೇ ಮಗನನ್ನು ವಿಚಾರಿಸಿಕೊಂಡರು. ಉದ್ಘಾಟನೆಗೆ ರಿಬ್ಬನ್ ಕಟ್ಟಿದರು, ನಾದಸ್ವರ ತರಿಸಿದರು. ಕೊಟ್ಟ ಮಾತಿನಂತೆ ನಾನು ವೇದಿಕೆಯ ಮೇಲೆ ಫಲವಾಗಿ ಕುಳಿತೆ. ಗೋಡೆಯ ಮೇಲೆ ಅಧ್ಯಕ್ಷನ ಚಿತ್ರ ಬಾಗಿಲಿಗಿಂತ ದೊಡ್ಡದಾಗಿತ್ತು, ಕೈಮುಗಿದು ಒಳಗೆ ಹೋಗುವವರನ್ನೆಲ್ಲ ಸ್ವಾಗತಿಸುವಂತಿತ್ತು.

ಮರುವಾರ ಸಂತೆಗೆ ಹೋದೆ. ಮೆಂತ್ಯೆ ಸೊಪ್ಪು ಮಾರುವ ಹೆಂಗಸೊಬ್ಬಳು ಸೂಡು ಎತ್ತಿ ಕೊಡುತ್ತಿದ್ದಳು. “ಹೆಂಗೈತೆವಾ ಒಳಗ?” ಎಂದು ಕೇಳಿದೆ.

“ನೀರ ಬರತೇತ್ರಿ, ಚಿಲಕಾನೂ ಬೀಳತೇತ್ರಿ,” ಅಂದಳು. ಆಮೇಲೆ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು. “ಆ ಅಪ್ಪನ ಮುಖ ಸ್ವಲ್ಪ ಆಕಡೆ ತಿರುಗಿಸಾಕ ಬರತೇತೇನ್ರಿ? ನಾಚಿಕಿ ಆಗತೇತಿ.”

ಹೇಳಿ ನೋಡುತ್ತೇನೆ ಅಂದು ಮೆಂತ್ಯೆ ಚೀಲಕ್ಕೆ ಹಾಕಿಕೊಂಡೆ. ಅವಳು ಪಕ್ಕದವಳಿಗೆ ಬುಟ್ಟಿ ನೋಡಿಕೊಳ್ಳಲು ಹೇಳಿ, ಒಂದು ತಂಬಿಗೆ ನೀರು ಗಟಗಟ ಕುಡಿದಳು.