ಕಿರೀಟದಲ್ಲೇ ನಿಂತ ಲಕ್ಷ್ಮಿ

“ದೇವ್ರನ್ನ ಚಿಕ್ಕದು ಮಾಡ್ತೀರೇನ್ರೀ?” ಚಿಕ್ಕಪೇಟೆಯ ಸೀರೆ ಅಂಗಡಿಯ ಯಜಮಾನರು ಗದರಿದರು. ಅವರ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಮೊದಲ ಪುಟದ ಲಕ್ಷ್ಮಿಯ ಫೋಟೊ ಎಷ್ಟು ಭಾರವಿತ್ತೆಂದರೆ, ಆಗಿನ ಟೆಲಿಫೋನ್ ಲೈನಿನ ನಿಧಾನದ ಇಂಟರ್‌ನೆಟ್‌ನಲ್ಲಿ ಗಿರಾಕಿಗಳಿಗೆ ಕಿರೀಟದಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಚಿತ್ರ ಹಾಗೇ ಇರುತ್ತದೆ, ಫೈಲಿನ ಭಾರವಷ್ಟೇ ಇಳಿಸುತ್ತೇನೆ ಎಂದು ಬಡಕೊಂಡರೂ ಕೇಳಲಿಲ್ಲ. ತಮ್ಮ ಕಂಪ್ಯೂಟರಿನಲ್ಲೇ ತೆರೆದು ತೋರಿಸಿದರು. ಲಕ್ಷ್ಮಿ ತಟ್ಟನೆ ಪ್ರತ್ಯಕ್ಷಳಾದಳು! ದಿನವೂ ನೋಡುವ ಚಿತ್ರವನ್ನು ನಿಮ್ಮ ಕಂಪ್ಯೂಟರು ತನ್ನಲ್ಲೇ ಉಳಿಸಿಕೊಂಡಿದೆ, ಹೊಸ ಗಿರಾಕಿಗಳ ಹತ್ತಿರ ಅದಿಲ್ಲ ಎಂದೆ.

“ಅವ್ರೂ ನನ್ ಹಾಗೆ ದಿನಾ ಕೈಮುಗೀಲಿ, ಬರ್ತಾಳೆ” ಎಂದರು.

ಇಂದಿಗೂ ಯಾವುದಾದರೂ ಪುಟ ಅರ್ಧಕ್ಕೇ ನಿಂತರೆ ಮೈ ಉರಿಯುತ್ತದೆ. ಸುತ್ತಮುತ್ತ ಯಾರೂ ಇಲ್ಲದಿದ್ದರೆ, ಹಾಳಾಗಲಿ ಎಂದು ಒಮ್ಮೆ ಕೈಮುಗಿದೂ ನೋಡುತ್ತೇನೆ.