ನಾನು ಕೆರೆಯದೆ ಬಿಟ್ಟ ತುಕ್ಕು

ನಾನು ಚಿಕ್ಕವನಿದ್ದಾಗ ನನ್ನ ಪಾಲಿಗೆ ಬಂದಿದ್ದ ಒಂದು ಗೇಣು ತುಕ್ಕನ್ನು ಕೆರೆಯಲಿಲ್ಲ. ಕೆರೆದೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಆ ತಪ್ಪು ಅಕ್ಕನ ತಲೆಗೆ ಬಂದಾಗ ಬಾಯಿ ಬಿಡಲಿಲ್ಲ. ಮೊಮ್ಮಕ್ಕಳೇ, ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಚೆಂದವಾಗಿ ಬರೆಯಲು ಬರುವುದಿಲ್ಲ. ಆದರೆ ಶೆಡ್ಡಿನಲ್ಲಿರುವ ಹಳೇ ಕಾರಿನ ಕತೆ ಹೇಳು ಎಂದು ನೀವು ಕೇಳುತ್ತಲೇ ಇರುತ್ತೀರಿ. ಹೇಳುವುದಾದರೆ ಇದನ್ನೂ ಸೇರಿಸಿಯೇ ಹೇಳಬೇಕು.

ಆಗ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ಇದೇ ಹನೂರಿನ ಮನೆ. ಅಪ್ಪ ಆ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು. ದುಂಡು ಮೂತಿ, ಬೂದು ಬಣ್ಣ, ಒಳಗೆ ಕೂತರೆ ಬಿಸಿ ರೆಕ್ಸಿನ್ನಿನ ವಾಸನೆ. ಕೊಳ್ಳೇಗಾಲದ ಆಸ್ಪತ್ರೆಗೆ ಹೋಗುವವರಿಗೂ, ಯಳಂದೂರಿಗೆ ಹೆಣ್ಣು ನೋಡಲು ಹೋಗುವವರಿಗೂ, ಬೆಟ್ಟಕ್ಕೆ ಹರಕೆ ಹೊತ್ತವರಿಗೂ ಅದೇ ಗಾಡಿ. ಐದು ಜನ ಕೂರುವಲ್ಲಿ ಒಂಬತ್ತು ಜನ ಕೂರುತ್ತಿದ್ದರು. ಹಾಗಾಗಿ ಅದರ ಹಿಂಭಾಗ ಕಾವಿಗೆ ಕೂತ ಕೋಳಿಯ ಹಾಗೆ ಕುಸಿದುಹೋಗಿತ್ತು. ಗುಂಡಿ ಬಂದಾಗಲೆಲ್ಲ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿ ಕೀರಲು ಸದ್ದು ಬರುತ್ತಿತ್ತು.

ಹಿಂದಿನ ಚಕ್ರಗಳ ಮೇಲೆ ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಕಾರಿನ ಭಾರವನ್ನು ಹೊರುವ ಸ್ಪ್ರಿಂಗ್ ಅದು. ಎರಡೂ ಕಡೆಗೆ ಇನ್ನೊಂದೊಂದು ದಪ್ಪ ಪಟ್ಟಿ ಸೇರಿಸಿದರೆ ಕಾರು ಎದ್ದು ನಿಲ್ಲುತ್ತದೆ ಎಂದು ಅಪ್ಪ ಲೆಕ್ಕ ಹಾಕಿದರು. ಆದರೆ ಸ್ಪ್ರಿಂಗು ಗಟ್ಟಿಯಾದಷ್ಟೂ ಅದನ್ನು ಹಿಡಿದಿರುವ ತಗಡು ಪೆಟ್ಟು ತಿನ್ನುತ್ತದೆ. ಎರಡೂ ಸ್ಪ್ರಿಂಗುಗಳ ತುದಿಗಳು ತಗಡಿಗೆ ಸೇರುವ ಆ ನಾಲ್ಕು ಮೂಲೆಗಳಲ್ಲಿ ತುಕ್ಕು ಇರಬಾರದು.

"ನಾಲ್ಕು ಮೂಲೆಯನ್ನೂ ಬೆಳ್ಳಿ ಬಣ್ಣ ಬರಗಂಟ ಕೆರಿ ಕಣವ್ವ," ಎಂದು ಅಪ್ಪ ಅಕ್ಕನಿಗೆ ಹೇಳಿದರು. "ಆಮೇಲೆ ಸುತ್ತಿಗೇಲಿ ಬಡ್ದು ನೋಡು. ಟಣ್ ಅಂದ್ರೆ ಗಟ್ಟಿ. ಟಪ್ ಅಂದ್ರೆ ಮುಟ್ಬ್ಯಾಡ, ನಂಗೇಳು, ತಗಡು ಆಕುಸ್ತೀನಿ. ನೀಟಾಗಿ ಮಾಡಿದ್ರೆ ಭಾನುವಾರ ಸ್ಟೇರಿಂಗ್ ನಿನ್ ಕೈಗೆ." ಹೀಗೆ ಹೇಳಿ ಪಟ್ಟಿ ತರಲು ಕೊಳ್ಳೇಗಾಲದ ಗುಜರಿಗೆ ಬಸ್ಸು ಹತ್ತಿದರು.

ಅಕ್ಕನಿಗೆ ಕಾರೆಂದರೆ ಪ್ರಾಣ. ಅಪ್ಪ ಕೈ ಚಾಚಿದರೆ ಸಾಕು, ಕೇಳುವ ಮೊದಲೇ ಸರಿಯಾದ ಸ್ಪ್ಯಾನರ್ ಕೊಡುತ್ತಿದ್ದಳು. ಅವತ್ತು ಲಂಗದ ಮೇಲೆ ಅಪ್ಪನ ಹಳೇ ಅಂಗಿ ತೊಟ್ಟು, ಜಡೆಗೆ ಬಟ್ಟೆ ಸುತ್ತಿ ಕಾರಿನ ಕೆಳಗೆ ಮಲಗಿದ್ದಳು. ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ ಕೇಳಿದರು, "ಏನವ್ವ, ಮೆಕ್ಯಾನಿಕ್ ಆಯ್ತೀಯೇನು?"

"ಊ ಕಣತ್ತೆ. ನಿಮ್ಮ ಎತ್ತಿನ ಗಾಡಿ ತಕಂಡ್ ಬಾ, ಅದ್ಕೂ ಗೇರ್ ಮಡಗ್ಕೊಡ್ತೀನಿ," ಎಂದಳು ಅಕ್ಕ.

ಮೂರು ಮೂಲೆ ತಾನು ಇಟ್ಟುಕೊಂಡು, ಹಿಂದಿನ ಎಡಮೂಲೆಯನ್ನು ಅವಳು ನನಗೆ ಕೊಟ್ಟಳು. ನಾನೂ ಬೆನ್ನಡಿಗೆ ಗೋಣಿ ಹಾಕಿಕೊಂಡು ಮಲಗಿದೆ. ಕೆರೆದ ಹಾಗೆಲ್ಲ ತುಕ್ಕಿನ ಪುಡಿ ಕಣ್ಣಿಗೆ, ಬಾಯಿಗೆ ಉದುರುತ್ತಿತ್ತು, ನಾಲಿಗೆಯ ಮೇಲೆ ರಕ್ತದ ರುಚಿ. ಸ್ವಲ್ಪ ಹೊತ್ತಿಗೆ ಗೋಲಿ ಆಡಲು ಗೆಳೆಯರು ಬೀದಿಯಿಂದ ಕೂಗಿದರು. ಬೇಗ ಮುಗಿಸಲೆಂದು ಸ್ಕ್ರೂ ಡ್ರೈವರನ್ನು ಜೋರಾಗಿ ತಿವಿದೆ. ಅದು ತಗಡಿನೊಳಕ್ಕೆ ಹಪ್ಪಳಕ್ಕೆ ಚುಚ್ಚಿದಂತೆ ಇಳಿದುಹೋಯಿತು. ಎಳೆದಾಗ ನನ್ನ ಮುಷ್ಟಿ ಹೋಗುವಷ್ಟು ತೂತು.

ಆಗಲೇ ಅಕ್ಕನನ್ನು ಕರೆಯಬೇಕಿತ್ತು. ಕರೆದಿದ್ದರೆ ಸಂಜೆಯವರೆಗೆ ಅಲ್ಲೇ ಮಲಗಿರಬೇಕಾಗುತ್ತಿತ್ತು. ಭಾನುವಾರದ ಸವಾರಿಯೂ ಮುಂದಕ್ಕೆ ಹೋಗುತ್ತಿತ್ತು.

ಹಿತ್ತಲಲ್ಲಿ ಅಮ್ಮ ಮೊರಗಳಿಗೆ ಮೆತ್ತಲು ಹಿಟ್ಟು ರುಬ್ಬಿಟ್ಟಿದ್ದರು. ನೀವು ಇದನ್ನು ನೋಡಿಲ್ಲ. ಹಳೇ ಪೇಪರನ್ನು ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬಿದಿರಿನ ಮೊರದ ಸಂದಿಗಳಿಗೆ ಮೆತ್ತುತ್ತಿದ್ದರು. ಒಣಗಿದರೆ ಹಲಗೆಯಂತೆ ಗಟ್ಟಿ. ಕಾಳಿನ ಭಾರ ತಡೆಯುವುದು ಕಾರಿನ ಭಾರ ತಡೆಯುವುದಿಲ್ಲವೇ ಎಂದುಕೊಂಡೆ. ಎರಡು ಉಂಡೆ ಕದ್ದು ತಂದೆ, ತೂತಿಗೆ ತುರುಕಿ ಬೆರಳಿನಿಂದ ಸವರಿದೆ, ಕೆರೆದ ಜಾಗಕ್ಕೆ ಬಳಿಯಲು ಅಪ್ಪ ಇಟ್ಟಿದ್ದ ಕೆಂಪು ಬಣ್ಣವನ್ನು ಮೇಲೆ ಬಳಿದೆ. ತೂತು ಇತ್ತೆಂಬ ಗುರುತೇ ಉಳಿಯಲಿಲ್ಲ.

"ಬಡ್ದು ನೋಡ್ದೇನ್ಲಾ?" ಎಂದು ಅಕ್ಕ ಆ ಕಡೆಯಿಂದ ಕೇಳಿದಳು.

"ನೋಡ್ದೆ ಕಣಕ್ಕ. ಟಣ್ ಅಂತು," ಎಂದು ಹೇಳಿ ಓಡಿದೆ. ಅವತ್ತು ಹನ್ನೆರಡು ಗೋಲಿ ಗೆದ್ದೆ.

ಶನಿವಾರ ಅಪ್ಪ ಹೊಸ ಪಟ್ಟಿಗಳನ್ನು ಜೋಡಿಸಿದರು. ಅಕ್ಕ ಬಡಿದು ನೋಡಿದ್ದಾಳೆಂದರೆ ಅಪ್ಪ ಮತ್ತೆ ಬಡಿಯುತ್ತಿರಲಿಲ್ಲ, ಅಷ್ಟು ನಂಬಿಕೆ. ಜಾಕ್ ಇಳಿಸಿದಾಗ ಕಾರು ಹುಂಜದಂತೆ ಬಾಲ ಎತ್ತಿ ನಿಂತಿತು. ಅಕ್ಕ ಅದರ ಸುತ್ತ ಎರಡು ಸಲ ನಡೆದು ನೋಡಿದಳು.

ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ಸೀಟಿನ ಮೇಲೆ ಎತ್ತರಕ್ಕೆ ಹಾಕಿಕೊಳ್ಳಲು ಅಕ್ಕ ಒಂದು ದಿಂಬು ತಂದು ಮಡಿಲಲ್ಲಿಟ್ಟುಕೊಂಡು ಮುಂದೆ ಕೂತಿದ್ದಳು. ಎರಡೂ ಕಡೆ ಮುಸುಕಿನ ಜೋಳದ ಹೊಲ, ಕಿಟಕಿಯಿಂದ ಹಸಿ ಸೊಪ್ಪಿನ ಗಾಳಿ. ಕಾರಿನ ಹೊಟ್ಟೆ ಒಂದು ಕಲ್ಲಿಗೂ ತಾಗಲಿಲ್ಲ. ಅಜ್ಜೀಪುರ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಮುಂದೆ ಒಂದು ದೊಡ್ಡ ಹುಣಸೇಮರ ಕಾಣುತ್ತಿತ್ತು.

"ಆ ಮರದಿಂದಾಚೆಗೆ ನೀನು," ಎಂದರು ಅಪ್ಪ. ಅಕ್ಕ ದಿಂಬನ್ನು ಬಿಗಿಯಾಗಿ ಅಪ್ಪಿಕೊಂಡಳು.

ಮರಕ್ಕೆ ಇನ್ನು ನೂರು ಹೆಜ್ಜೆಯಿತ್ತು. ಒಂದು ಮೋರಿಯ ಮೇಲೆ ಕಾರು ಕುಪ್ಪಳಿಸಿತು. ಹಿಂದೆ ಎಡಗಡೆ ಫಟ್ಟೆಂದು ಏನೋ ಹರಿದ ಸದ್ದಾಯಿತು. ಕಾರು ಆ ಕಡೆಗೆ ವಾಲಿ, ನೆಲ ಉಜ್ಜಿಕೊಂಡು ನಿಂತಿತು.

ಅಪ್ಪ ಕೆಳಗೆ ತೂರಿ ಏನನ್ನೋ ಕಿತ್ತುಕೊಂಡು ಬಂದರು. ಅಂಗೈಯಲ್ಲಿ ಒಂದು ಉಂಡೆ. ಒಂದು ಕಡೆ ಕೆಂಪು ಬಣ್ಣ, ಇನ್ನೊಂದು ಕಡೆ ನುಣ್ಣಗಾಗದೆ ಉಳಿದ ಪೇಪರಿನ ಚೂರುಗಳಲ್ಲಿ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಬಿಸಿಲಿಗೆ ಮೆಂತ್ಯದ ವಾಸನೆ ಘಮ್ಮೆಂದಿತು. ಮನೆಯಲ್ಲಿ ಮೊರ ಮೆತ್ತುತ್ತಿದ್ದವರು ಇಬ್ಬರೇ, ಅಮ್ಮ ಮತ್ತು ಅಕ್ಕ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೊರ ಮೆತ್ತಾ ಕೈಗೆ ಕಾರ್ ಕೊಟ್ನಲ್ಲ, ನಂದೇ ತೆಪ್ಪು," ಎಂದರು. "ಬೆಟ್ಟದ ಇಳಿಜಾರಲ್ಲಿ ಇಂಗಾಗಿದ್ರೆ ಒಂಬತ್ತ್ ಜನ ಸಾಯ್ತಿದ್ರು ಕಣವ್ವ. ಇನ್ಮೇಲೆ ನೀನು ಗಾಡಿ ಮುಟ್ಬ್ಯಾಡ."

ಅಕ್ಕ ಆ ಉಂಡೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ನನಗೆ ಬೆನ್ನು ಮುರಿಯುವ ಹಾಗೆ ಬೀಳುತ್ತಿತ್ತು. ಅವಳು ಹೇಳಲಿಲ್ಲ. ನಾನಾದರೂ ಹೇಳಬಹುದಿತ್ತು. ನಾನು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತಾ ನಿಂತೆ. ಒಂದು ಎತ್ತಿನ ಗಾಡಿಗೆ ಕಾರು ಕಟ್ಟಿಕೊಂಡು ವಾಪಸ್ಸು ಹೊರಟಾಗ ಅಕ್ಕ ದಿಂಬು ಹಿಡಿದುಕೊಂಡು ಹಿಂದೆ ನಡೆದು ಬಂದಳು.

ಆಮೇಲೆ ಅಪ್ಪ ಅಲ್ಲಿಗೆ ತಗಡು ಇಟ್ಟು ಬೆಸುಗೆ ಹಾಕಿಸಿದರು. ಸ್ಪ್ಯಾನರ್ ಕೊಡುವ ಕೆಲಸ ನನಗೆ ಬಂತು. ನಾನು ತಪ್ಪು ಸ್ಪ್ಯಾನರ್ ಎತ್ತಿದಾಗಲೆಲ್ಲ ಅಡುಗೆಮನೆಯ ಬಾಗಿಲಿನಿಂದ ಅಕ್ಕ, "ಅದಲ್ಲ, ಅದ್ರ ಪಕ್ಕದ್ದು," ಎನ್ನುತ್ತಿದ್ದಳು, ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಮುಂದೆ ಸ್ಟೇರಿಂಗೂ ನನ್ನ ಕೈಗೇ ಬಂತು. ಅದನ್ನು ಹಿಡಿದೇ ನಾನು ಸಂಸಾರ ಸಾಗಿಸಿದೆ, ನಿಮ್ಮ ಅಪ್ಪನನ್ನು ಓದಿಸಿದೆ. ಅಕ್ಕ ಯಳಂದೂರಿಗೆ ಮದುವೆಯಾಗಿ ಹೋದಳು, ಭಾವನ ಸ್ಕೂಟರಿನ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತೇ ಓಡಾಡಿದಳು. ಅಜ್ಜೀಪುರದ ಆ ರಸ್ತೆಯಲ್ಲಿ ನಾನು ಸಾವಿರ ಸಲ ಹೋಗಿದ್ದೇನೆ. ಆ ಹುಣಸೇಮರ ಬಂದಾಗ ಬೇರೆ ಕಡೆ ನೋಡುತ್ತಿದ್ದೆ.

ಹೋದ ತಿಂಗಳು ನಿಮ್ಮಲ್ಲಿ ದೊಡ್ಡವಳು ಅದೇ ಕಾರಿನ ಟಾರ್ಪಾಲು ತೆಗೆದಳು. ಇಟ್ಟಿಗೆಗೆ ಮೊಬೈಲು ಒರಗಿಸಿ, ಅದರಲ್ಲಿ ಯಾರೋ ಮಾಡಿ ತೋರಿಸುವುದನ್ನು ನೋಡಿಕೊಂಡು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ಹಾಕಿ ಕೆಳಗೆ ಮಲಗಿದ್ದಳು. ಹೊಸ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೇ ಬಂದಿದ್ದವು. ಯಳಂದೂರಿನಿಂದ ಬಂದಿದ್ದ ಅಕ್ಕ ಕುರ್ಚಿ ಹಾಕಿಸಿಕೊಂಡು ನೋಡುತ್ತಾ ಕೂತಿದ್ದಳು.

"ತಾತಾ, ಎಡಗಡೆ ದೊಡ್ಡ ತೂತು ಸಿಕ್ತು," ಎಂದು ಕೆಳಗಿನಿಂದ ಕೂಗು ಬಂತು. ಅಪ್ಪ ಹಾಕಿಸಿದ್ದ ತಗಡೂ ತುಕ್ಕು ತಿಂದಿತ್ತು. ಅವಳು ತೂತಿನೊಳಗೆ ಕೈ ತೂರಿಸಿ ಬೆರಳು ಆಡಿಸಿದಳು. ಚಿಕ್ಕವನು ನಗುತ್ತಾ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ.

"ಸುತ್ತಿಗೆ ತಕಂಡು ಸುತ್ತ ಬಡ್ದು ನೋಡವ್ವ," ಎಂದಳು ಅಕ್ಕ. "ಟಣ್ ಅನ್ನಗಂಟ ಕತ್ರುಸು."

ನಿಮ್ಮ ಕಾಲದಲ್ಲಿ ಸಾಮಾನು ಸಿಗುವುದು ಸುಲಭ, ಕಲಿಯುವುದೂ ಸುಲಭ. ನಾನು ಅದಕ್ಕೆ ಹೊಟ್ಟೆ ಉರಿದುಕೊಳ್ಳುವುದಿಲ್ಲ. ಹೆಣ್ಣುಮಗಳು ಕಾರಿನ ಕೆಳಗೆ ಮಲಗಿದರೆ ಬೇಲಿಯಾಚೆಯಿಂದ ಯಾರೂ ಕೇಳುವುದಿಲ್ಲ. ನಾನು ಮುಚ್ಚಿಟ್ಟ ತೂತನ್ನು ನೀವು ನಗುತ್ತಾ ಊರಿಗೆಲ್ಲ ತೋರಿಸಿದಿರಿ. ಅದನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ.

ಸುತ್ತಿಗೆಯ ಸದ್ದು ಟಪ್, ಟಪ್ ಎಂದು ಬಂತು, ಆಮೇಲೆ ಟಣ್ ಎಂದಿತು. ಅಕ್ಕ ತಲೆಯಾಡಿಸಿದಳು. ನಾನು ಹೋಗಿ ಅವಳ ಕುರ್ಚಿಯ ಪಕ್ಕ ನೆಲದಲ್ಲಿ ಕೂತೆ. ನೀವೆಲ್ಲ ಅಲ್ಲೇ ಇದ್ದಿರಿ, ನಿಮಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದೆ.

"ಅಕ್ಕಾ, ಆ ಮೆಂತ್ಯದ ಇಟ್ಟು ಮೆತ್ತಿದ್ದು ನಾನು. ನಿನ್ ಕೈಯಿಂದ ಸ್ಟೇರಿಂಗ್ ಕಿತ್ಕಂಡೋನೂ ನಾನೇ. ಅಪ್ಪ ಇದ್ದಾಗ್ಲೇ ಹೇಳ್ಬೇಕಾಗಿತ್ತು, ಹೇಳ್ನಿಲ್ಲ. ತೆಪ್ಪಾಯ್ತು ಕಣಕ್ಕ, ನನ್ನ ಕ್ಷಮ್ಸು."